ಅಣ್ಣನ ಸೆಂಟರ್

ಗರುಡಾಚಾರ್‌ಪಾಳ್ಯ
ಭಾನುವಾರ, 20-8-2006

ಪ್ರೀತಿಯ ಅಣ್ಣಾ, ದೂರದಿಂದಲೇ ನಿನ್ನ ಕಾಲು ಮುಟ್ಟಿ ಬರೆಯುತ್ತಿದ್ದೇನೆ.

ಅವ್ವನ ಕಣ್ಣಿನ ಪಟ್ಟಿ ಬಿಚ್ಚಿದರಾ? ಒಲೆಯ ಮುಂದೆ ಕೂಡಬೇಡ ಅಂತ ಡಾಕ್ಟರು ಹೇಳಿದರೂ ಆಕೆ ಕೇಳುವವಳಲ್ಲ, ರೊಟ್ಟಿ ಬಡಿಯಲಿಕ್ಕೆ ಕೂತೇ ಇರುತ್ತಾಳೆ. ಹೊಗೆ ತಾಗಿ ಏನಾದರೂ ಆದೀತೆಂದು ನನಗೆ ಇಲ್ಲಿ ಊಟ ಸೇರುತ್ತಿಲ್ಲ. ಔಷಧಿ ನೀನೇ ಹಾಕು, ಶೀಶೆಯ ತುದಿ ಕಣ್ಣಿಗೆ ತಾಗಿಸಬೇಡ. ನಿನಗೆ ನಾನು ಹೇಳಿಕೊಡುವುದೇ, ಸಿಟ್ಟಾಗಬೇಡ.

ನೀನು ಊರಿಗೆ ಹೋದ ಮೇಲೆ ನಮ್ಮ ಮಾಲೀಕ ಮುನಿರಾಜಪ್ಪನವರು ಹೊಸ ಕಂಪ್ಯೂಟರ್ ಲೇತಿಗೆ ನನ್ನನ್ನೇ ಕೂರಿಸಿದರು. ಏಳನೇ ಇಯತ್ತೆಗೇ ಶಾಲೆ ಬಿಟ್ಟವನು ಎಂದರೂ ಕೇಳಲಿಲ್ಲ. ಅದರಲ್ಲಿ ಮೊದಲು ಪರದೆಯ ಮೇಲೆ ಮಷಿನ್ನನ್ನೇ ಕಟ್ಟಬೇಕು. ಕಬ್ಬಿಣ ಕೆತ್ತುವ ಟೂಲ್ ಎಲ್ಲಿ, ಶಾಫ್ಟಿನ ಆಚೆ ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಎಲ್ಲಿ, ಅದರ ಮೂತಿಯಲ್ಲಿ ತಿರುಗುವ ಸೆಂಟರ್ ಎಷ್ಟು ದಪ್ಪ, ಎಲ್ಲ ತುಂಬಬೇಕು. ಆಮೇಲೆ ಚಿತ್ರದಲ್ಲೇ ಓಡಿಸಿ ನೋಡಬಹುದು. ಒಂದಕ್ಕೊಂದು ತಗುಲಿದರೆ ಕೆಂಪಗಾಗುತ್ತದೆ. ನನ್ನ ಪುಕ್ಕಲುತನಕ್ಕೆ ಹೇಳಿ ಮಾಡಿಸಿದ್ದು ಅಂದುಕೊಂಡು ಮತ್ತೆ ಮತ್ತೆ ಓಡಿಸುತ್ತಿದ್ದೆ. ಪಕ್ಕದ ಮಷಿನ್ನಿನ ಚಾಂದ್ ಪಾಷಾ, "ಏನ್ ಮಗಾ, ಅದೇ ಸಿನ್ಮಾ ಎಷ್ಟ್ ಸಲ ನೋಡ್ತೀಯ?" ಅಂತ ಆಡಿಕೊಳ್ಳುತ್ತಿದ್ದ.

ಗುರುವಾರ ಶೆಡ್ಡಿನ ಸೆಂಟರ್ ಕಿರುಗುಟ್ಟತೊಡಗಿತು. ನೀನು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟು, "ನಾ ಬರೋತನಕ ಮುಟ್ಟಬ್ಯಾಡ" ಎಂದಿದ್ದ ನಿನ್ನ ಸ್ವಂತ ಸೆಂಟರ್ ತೆಗೆದು ಹಾಕಿದೆ. ನೀನು ಮಾಡುವ ಹಾಗೇ ಎರಡು ಬೆರಳಲ್ಲಿ ತಿರುಗಿಸಿದೆ. ಸದ್ದೇ ಇಲ್ಲ. ಆ ಖುಷಿಯಲ್ಲಿ, ನಿನ್ನದು ಶೆಡ್ಡಿನದಕ್ಕಿಂತ ದಪ್ಪ ಎಂಬುದನ್ನು ಕಂಪ್ಯೂಟರಿಗೆ ಹೇಳಲಿಲ್ಲ ಅಣ್ಣಾ. ಪರದೆಯಲ್ಲಿ ಹಳೆಯ ಸಣ್ಣ ಸೆಂಟರೇ ಇತ್ತು. ಅಲ್ಲಿ ಟೂಲ್ ಸಲೀಸಾಗಿ ಹಾದುಹೋಯಿತು. ಇಲ್ಲಿ ಗುದ್ದಿತು. ನಿನ್ನ ಸೆಂಟರಿನ ತುದಿ ಮುರಿದು ಬೇರಿಂಗ್ ಚೆಲ್ಲಿಹೋಯಿತು. ಯಾರಿಗೂ ಗಾಯವಿಲ್ಲ, ಗಾಬರಿಯಾಗಬೇಡ.

ಮಾಲೀಕರು ಓಡಿ ಬಂದು ನಿನ್ನ ಹೆಸರೆತ್ತಿ, "ಭಗವಂತರಾಯನ ಹಳೇ ಸಾಮಾನು ನಂಬಿದ್ರೆ ಇದೇ ಗತಿ ಕಣೋ. ಅವನು ಓಡಿಸೋ ಹಳೇ ಲೇತೂ ಗುಜರಿಗೆ ಹಾಕ್ತೀನಿ, ಅವ್ನು ಊರಲ್ಲೇ ಇರ್ಲಿ" ಅಂದರು. ನಾನು ತಲೆ ತಗ್ಗಿಸಿ ಚೂರು ಆರಿಸಿದೆ. ತಪ್ಪು ನನ್ನದು ಅನ್ನಲಿಲ್ಲ. ಆಯುಧಪೂಜೆಗೆ ನೀನು ಅದಕ್ಕೆ ವಿಭೂತಿ ಹಚ್ಚುತ್ತಿದ್ದುದೇ ಕಣ್ಣ ಮುಂದೆ ಬರುತ್ತದೆ. ಖಾಲಿ ಎಣ್ಣೆಬಟ್ಟೆಯನ್ನು ಮಡಚಿ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಅಂಗಿಗಳಿಗೆಲ್ಲ ಅದರ ವಾಸನೆ ಹತ್ತಿದೆ.

ಅವ್ವನಿಗೆ ನನ್ನ ಶರಣು ಹೇಳು. ಅವಳಿಗೆ ಇದನ್ನು ಓದಬೇಡ.

ನಿನ್ನ ತಮ್ಮ
ದುರ್ಗೇಶ

ಸೋಮವಾರ, ಡಬ್ಬಿಗೆ ಹಾಕುವ ಮುಂಚೆ: ಬೆಳಿಗ್ಗೆ ಎಲ್ಲರೆದುರು ಮಾಲೀಕರಿಗೆ ಹೇಳಿಬಿಟ್ಟೆ. ಪರದೆಯಲ್ಲಿ ನಿನ್ನ ಸೆಂಟರಿನ ನಿಜವಾದ ದಪ್ಪ ತುಂಬಿ ಓಡಿಸಿ ತೋರಿಸಿದೆ. ಅದೇ ಜಾಗ ಕೆಂಪಗಾಯಿತು. "ಅವನ ಲೇತ್ ಇರ್ಲಿ, ಬರೋಕ್ ಹೇಳು. ನೀನ್ ಮಾತ್ರ ಇನ್ನು ಕಂಪ್ಯೂಟರ್ ಹತ್ರ ಸುಳೀಬೇಡ" ಅಂದರು. ಈಗ ಶೆಡ್ಡು ಗುಡಿಸುತ್ತಿದ್ದೇನೆ. ಕಾಗದದಲ್ಲಿ ಬೈಯಬೇಡ ಅಣ್ಣಾ. ಬೈಯುವುದನ್ನೆಲ್ಲ ಕೂಡಿಟ್ಟುಕೊಂಡು, ಬೇಗ ಬಂದು ಇಲ್ಲೇ ಬೈ.