ಮಂತ್ರಿಯ ಮಗನ ಹಸಿರು ನಿಲುವಂಗಿ

ಅಣ್ಣಾ,

‘ತಂದೆಯ ಪದವಿ ಮಗನಿಗೆ ಆಸ್ತಿಯಲ್ಲ, ಓದಿ ಗೆದ್ದವನೇ ಅಧಿಕಾರಿಯಾಗಲಿ.’ ಚಕ್ರವರ್ತಿಗಳಿಗೆ ನೀನು ಸಲ್ಲಿಸಿದ ಬಿನ್ನಹದಲ್ಲಿ ಹೀಗೇ ಇತ್ತೇ? ಮುಂದಿನ ಸಾಲು ಮರೆತಿದೆ. ಅಕ್ಷರ ಚೆನ್ನಾಗಿದೆಯೆಂದು ನನ್ನಿಂದಲೇ ಪ್ರತಿ ಬರೆಸಿದ್ದೆ. ಆ ಮಾತನ್ನು ನೀನು ನಿಜವಾಗಿಯೂ ನಂಬಿದ್ದೆಯಾ? ಆಗ ನಿನಗೆ ಮಗನಿರಲಿಲ್ಲ. ನಾನಂತೂ ನಂಬಿದ್ದೆ.

ನೀನು ತೀರಿಕೊಂಡು ವರ್ಷವಾಯಿತು. ಇವತ್ತು ರಾಜಧಾನಿ ನಾರಾದ ಅರಮನೆಯಲ್ಲಿ ಪದವಿಗಳನ್ನು ಕೊಟ್ಟರು. ನನ್ನ ಹಿರೊತಾರಿ ಒಂಬತ್ತು ವರ್ಷ ಕನ್‌ಫ್ಯೂಷಿಯಸ್ ಶಾಸ್ತ್ರಗಳನ್ನು ಓದಿ, ಪರೀಕ್ಷೆಯಲ್ಲಿ ಮೊದಲಿಗನಾಗಿ, ಎಂಟನೇ ದರ್ಜೆಯ ನೀಲಿ ನಿಲುವಂಗಿ ತೊಟ್ಟ. ನಿನ್ನ ಕುನಿಮಾರೊ ಪರೀಕ್ಷೆಗೆ ಕೂರಲೇ ಇಲ್ಲ. ಮಂತ್ರಿಯ ಮಗನಿಗೆ ಇಪ್ಪತ್ತೊಂದು ತುಂಬಿದರೆ ಸಾಕಲ್ಲ, ಅವನಿಗೆ ಆರನೇ ದರ್ಜೆಯ ಹಸಿರು ನಿಲುವಂಗಿ. ಇಬ್ಬರಿಗೂ ಒಂದೇ ಕಚೇರಿ, ನನ್ನ ಮಗನಿಗೆ ಅವನೇ ಮೇಲಧಿಕಾರಿ. ಪದವಿಯ ಪಟ್ಟಿಯಲ್ಲಿ ಅವನ ಹೆಸರನ್ನು ಸಾಯುವ ಮೊದಲೇ ನೀನು ಬರೆಸಿಟ್ಟಿದ್ದೆಯಂತೆ.

ನಮಸ್ಕರಿಸಲು ಬಾಗಿದ ಹಿರೊತಾರಿಯನ್ನು ಕುನಿಮಾರೊ ಹಿಡಿದೆತ್ತಿದನಂತೆ. “ಏಳಯ್ಯ, ಪಂಡಿತ ಭಾವ! ಪದವಿ ಕೊಟ್ಟಿದ್ದಕ್ಕೆ ಚಕ್ರವರ್ತಿಗಳಿಗೆ ಕೃತಜ್ಞತೆ ಬರೀಬೇಕಂತೆ. ನನ್ನ ಅಕ್ಷರ ನೋಡಿದ್ರೆ ಕೊಟ್ಟಿದ್ದನ್ನ ಕಿತ್ಕೋತಾರೆ. ನೀನೇ ಬರ್ಕೊಡು.”

ಹಿರೊತಾರಿ ಬರೆದುಕೊಟ್ಟು ಮನೆಗೆ ಬಂದ. “ಚೆನ್ನಾಗಿ ಬರೆದ್ಯಾ?” ಎಂದೆ.

“ನಿನ್ನ ಮಗ ಅಲ್ವೇನಮ್ಮ,” ಎಂದು ಒಳಗೆ ಹೋದ.

ಆಮೇಲೆ ಪಕ್ಕದ ಮನೆಯ ತೊಜಿಮೆ ಉಪ್ಪು ಹಾಕಿದ ಬದನೆಕಾಯಿಯ ಬಟ್ಟಲು ಹಿಡಿದು ಬಂದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಬಟ್ಟಲು ಕೊಟ್ಟು, ಬಾಗಿಲಲ್ಲೇ ನಿಂತು ಕೇಳಿದಳು:

“ಅಲ್ಲಕ್ಕಾ, ಮನೇಲೇ ಮಂತ್ರಿ ಇದ್ರು. ಒಂದು ಮಾತು ಹೇಳಿಸೋದು ಬಿಟ್ಟು, ಆ ಮಗೂನ ಒಂಬತ್ತು ವರ್ಷ ಯಾಕೆ ಓದಿಸಿದ್ರಿ?”