ಕಾಲರಾದ ಒಂಬತ್ತು ದಿನ

ಜೂನ್ ೩, ೧೯೭೪. ಹನೂರು

ಡಿಸ್ಪೆನ್ಸರಿಯಲ್ಲಿ ಬೆಳಿಗ್ಗೆ ನಲವತ್ತೊಂದು ಜನ. ಕೆಮ್ಮು, ಕಜ್ಜಿ, ಒಂದು ಚೇಳು ಕಡಿತ. ಊಟದ ಮೇಲೆ ಮದರ್ ಬೆನೆಡಿಕ್ಟಾ ಕರೆದರು. ಆಗಸ್ಟ್ ಎಂಟು, ಸಂತ ಡೊಮಿನಿಕರ ಹಬ್ಬದ ದಿನವೇ ನಮ್ಮ ಕಾನ್ವೆಂಟಿನ ಬೆಳ್ಳಿಹಬ್ಬ. ಇಪ್ಪತ್ತೈದು ವರ್ಷದ ಚರಿತ್ರೆ ನಾನೇ ಬರೆಯಬೇಕಂತೆ, ಹಳಬಳು ಅಂತ. ಹಳೆಯ ರಿಪೋರ್ಟುಗಳ ಕಟ್ಟು ಕೊಟ್ಟರು.

೧೯೫೭ರ ಹಾಳೆ: "ಕಾಲರಾ ಬಂದಾಗ ಸಿಸ್ಟರ್ ಆಗ್ನೆಸ್ ರಾಮಾಪುರದ ಹತ್ತಿರ ಒಂಬತ್ತು ದಿನ ರೋಗಿಗಳ ಸೇವೆ ಮಾಡಿದರು."

ಆಗ್ನೆಸ್ ನಾನೇ. ಹೋಗಿರಲಿಲ್ಲ.

ಜೂನ್ ೫, ಸಂಜೆ

ಇಲ್ಲಾದರೂ ಬರೆಯಬೇಕು. ಆಗ ಇಪ್ಪತ್ತಮೂರು ನನಗೆ. ಉಳಿದವರೆಲ್ಲ ಕೊಳ್ಳೇಗಾಲಕ್ಕೆ ಹೋಗಿದ್ದರು, ವರ್ಷದ ಧ್ಯಾನದ ರಿಟ್ರೀಟಿಗೆ. ನಾನು, ಆಯಾ ಚಿಕ್ಕನಿಂಗಮ್ಮ ಇಬ್ಬರೇ. ರಾಮಾಪುರದ ಕಡೆ ಕಾಲರಾ ಅಂತ ಸುದ್ದಿ ಬಂತು. ಜ್ವರ ಅಂದೆ, ಮಲಗಿದೆ. ಮೈ ತಣ್ಣಗಿತ್ತು.

ಅವಳು ಹಣೆ ಮುಟ್ಟಿ ನೋಡಿದಳು. "ನೀವ್ ಮನೀಕಳಿ ಸಿಸ್ಟ್ರೆ. ನಾನ್ ಓಯ್ತೀನಿ."

ಔಷಧಿ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಹೋದಳು. ಒಂಬತ್ತನೇ ದಿನ ಗಾಡಿಯಲ್ಲಿ ತಂದರು, ಅವಳ ಹೆಣವನ್ನು.

ಆಗಿನ ಮದರ್ ವಾಪಸು ಬಂದು, ನಾನೂ ಅವಳ ಜೊತೆ ಹೋಗಿದ್ದೆ ಅಂದುಕೊಂಡು ಕೇಳಿದರು — "ಒಂಬತ್ತು ದಿನ ಹೇಗಿತ್ತು ಮಗಳೇ?" ತುಂಬ ಕಷ್ಟ, ಅಂದೆ. ಅಷ್ಟೇ. ಉಳಿದದ್ದು ಅವರೇ ಬರೆದುಕೊಂಡರು. ತಿದ್ದಲಿಲ್ಲ.

ನಮ್ಮ ಸನ್ಯಾಸಿನಿಯರ ಸಭೆಯ ಧ್ಯೇಯ ಒಂದೇ ಮಾತು: ಸತ್ಯ. ಬಾಗಿಲ ಮೇಲೆ ಕೆತ್ತಿದ್ದಾರೆ. ಹದಿನೇಳು ವರ್ಷ ಅದರ ಕೆಳಗೇ ಓಡಾಡಿದ್ದೇನೆ.

ಜೂನ್ ೧೯

ಮದರ್‌ಗೆ ಹೇಳಿಬಿಟ್ಟೆ. "ಇದು ಪಾಪನಿವೇದನೆಗೆ, ಪುಸ್ತಕಕ್ಕಲ್ಲ. ಬಿಷಪ್ ಬರುತ್ತಾರೆ" ಅಂದರು.

ಪಾಪನಿವೇದನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕ್ಷಮೆಯೂ ಸಿಕ್ಕಿದೆ. ಚಿಕ್ಕನಿಂಗಮ್ಮನ ಮಗಳಿಗೆ ಮಾತ್ರ ಹೇಳಿಲ್ಲ.

ಜೂನ್ ೨೪

ಎಂಟರ ಬಸ್ಸು. ರಾಮಾಪುರದಲ್ಲಿ ಇಳಿದು ಎರಡು ಮೈಲಿ ನಡೆದೆ. ಮಗಳು ಶಿವನಂಜಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಒಳಕ್ಕೆ ಕರೆಯಲಿಲ್ಲ. ನಿಂತೇ ಹೇಳಿದೆ, ಎಲ್ಲ.

ಮೊರ ನಿಲ್ಲಲಿಲ್ಲ. "ಗೊತ್ತಿತ್ತು ಕಣ್ರಿ. ಪೆಟ್ಗೆ ಒತ್ಕಂಡ್ ಬಂದ್ ದಿನ ಅವ್ವನೇ ಯೋಳಿದ್ಲು. 'ಸಿಸ್ಟ್ರಿಗೆ ಜರ ಇಲ್ಲ ಕಣವ್ವ, ಎದ್ರಿಕೆ. ಚಿಕ್ಕುಡ್ಗಿ' ಅಂದ್ಲು."

ಮೊರಕ್ಕೆ ಮತ್ತಷ್ಟು ರಾಗಿ ಸುರಿದುಕೊಂಡಳು.

"ನನ್ಗ್ ಆಗ ಅದಿನಾರೇ. ನಂಗೇನ್ ಎದ್ರಿಕೆ ಇರ್ನಿಲ್ವಾ?" ಈಗ ಮೊರ ಕೆಳಗಿಟ್ಟಳು. "ಅವ್ವನ್ ಎಸ್ರು ಬರೀರಿ. ನೀವ್ ಎದ್ರಿದ್ದೂ ಬರೀರಿ. ಇಲ್ದಿದ್ರೆ ಅವಳ್ ಯಾಕ್ ಆ ಊರ್ಗ್ ಓದ್ಲು ಅಂತ ಯಾರ್ಗ್ ಗೊತ್ತಾದದು?"

ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಜುಲೈ ೩೦

ಬರೆದು ಮದರ್ ಮೇಜಿನ ಮೇಲಿಟ್ಟೆ. ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. "ಎಲ್ಲರ ಮುಂದೆ ಇದನ್ನು ಓದುವವರು ಯಾರು?"

ನಾನೇ, ಅಂದೆ.

ಆಗಸ್ಟ್ ೮, ರಾತ್ರಿ

ಹಾಲ್ ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ಬಿಷಪ್, ಊರ ದೊಡ್ಡವರು. ಶಿವನಂಜಮ್ಮ ಹಿಂದೆ, ಬಾಗಿಲ ಹತ್ತಿರ ನಿಂತಿದ್ದಳು. ಚರಿತ್ರೆ ಓದುತ್ತ ೧೯೫೭ಕ್ಕೆ ಬಂದೆ. 'ನಾನು ಹೆದರಿ ಮಲಗಿದೆ' — ಅಲ್ಲಿಗೆ ದನಿ ಅಡಗಿತು. ತುಟಿ ಮಾತ್ರ ಆಡುತ್ತಿತ್ತು.

ಹಿಂದಿನಿಂದ ಅವಳ ಕೂಗು: "ಜೋರಾಗ್ ಓದಿ ಸಿಸ್ಟ್ರೆ, ಇಲ್ಗ್ ಕೇಳಾಕಿಲ್ಲ!"

ಎಲ್ಲರೂ ತಿರುಗಿ ನೋಡಿದರು. ಮತ್ತೆ ಮೊದಲಿಂದ ಓದಿದೆ, ಜೋರಾಗಿ, ಬಾಗಿಲವರೆಗೂ ಕೇಳುವಂತೆ: 'ನಾನು ಹೆದರಿ ಮಲಗಿದೆ. ಹೋದವಳು ಚಿಕ್ಕನಿಂಗಮ್ಮ.'