ಊರು ಬಿಟ್ಟ ಮೊದಲ ಗಾಡಿ

೧೯ ಮಾರ್ಚಿ ೧೯೩೬, ಗುರುವಾರ. ಹಲಗೂರಿನ ಛತ್ರ.

ಶಾಲೆಯ ಗಂಟೆ ಬಾರಿಸಲು ನನಗೆ ಎಷ್ಟು ಹೊತ್ತು ಬೇಕಿತ್ತು? ಅದನ್ನೇ ಯೋಚಿಸುತ್ತಿದ್ದೇನೆ.

ಮುತ್ತತ್ತಿ ಕಾಡಿಗೆ ಬೆಂಕಿ ಬಿದ್ದು ಮೂರು ದಿನ. ಬೆಳಿಗ್ಗೆ ಪಕ್ಕದ ಮನೆಯ ಹೊಂಬಾಳಮ್ಮ ಬಂದು, "ಮೇಷ್ಟ್ರೇ, ಊರು ಬುಟ್ಟು ಓಗದಾದ್ರೆ ಮೊದ್ಲೇ ಯೋಳ್ಬುಡಿ. ನಮ್ಮತ್ತೆಗೆ ನಡೆಯಕ್ಕಾಗಕಿಲ್ಲ," ಎಂದಳು. "ಬೆಂಕಿ ಹಳ್ಳ ದಾಟುವುದಿಲ್ಲ, ಸಂಜೆಯವರೆಗೆ ನೋಡೋಣ," ಎಂದೆ. ಓದಿದವನ ಮಾತೆಂದು ಇಡೀ ಊರು ಉಳಿಯಿತು.

ಮಧ್ಯಾಹ್ನ ಗಾಳಿ ತಿರುಗಿತು. ಹಳ್ಳದ ಈಚೆಯ ಬಿದಿರಿಗೆ ಬೆಂಕಿ ಹತ್ತಿದ್ದನ್ನು ಶಾಲೆಯ ಜಗಲಿಯಿಂದ ಮೊದಲು ಕಂಡವನು ನಾನು. ಗಂಟೆ ಕೈಗೆಟುಕುವಂತಿತ್ತು. ಬಾರಿಸಿದರೆ ಎಲ್ಲರೂ ನನ್ನ ಗಾಡಿಗೇ ಮುತ್ತುತ್ತಾರೆ ಎನ್ನಿಸಿತು. ಮನೆಗೆ ಓಡಿ, ಹೆಂಡತಿ ಪದ್ಮಳನ್ನು ಹತ್ತಿಸಿಕೊಂಡು ಗಾಡಿ ಹೊಡೆದುಬಿಟ್ಟೆ.

"ಅವರಿಗೆಲ್ಲ ಹೇಳಿದಿರಾ?" ಎಂದಳು ಪದ್ಮ.

"ಹೇಳಿದೆ," ಎಂದೆ.

ದೇವರ ದಯೆ, ಯಾರೂ ಸಾಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೊಂಬಾಳಮ್ಮ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಬಂದಳು. ಹಸುಗಳ ಹಗ್ಗ ಬಿಚ್ಚಲು ಹೋಗಿ ಎರಡೂ ಅಂಗೈ ಸುಟ್ಟುಕೊಂಡಿದ್ದಾಳೆ. ಅವಳ ಹಿಂದೆ ಬಂದ ಮೈದುನ ನಿಂಗಯ್ಯ ನನ್ನನ್ನು ಕಂಡು, "ಇವ್ರು ಯಾವಾಗ ಬಂದ್ರು?" ಎಂದು ಗದರಿದ.

ನಾನು ಬಾಯಿ ತೆರೆಯುವ ಮೊದಲೇ ಹೊಂಬಾಳಮ್ಮ, "ಸುಮ್ಕಿರ್ಲಾ. ನಮ್ಗೆಲ್ಲ ಜಾಗ ನೋಡಕೆ ಮೇಷ್ಟ್ರು ಮುಂದಾಗಿ ಬಂದವ್ರೆ ಕಣ್ಲಾ. ಅಲ್ವಾ ಮೇಷ್ಟ್ರೇ?" ಎಂದಳು.

"ಹೌದು," ಎಂದೆ.

ಅವಳ ಅಂಗೈಗೆ ಎಣ್ಣೆ ಸವರುತ್ತಿದ್ದ ಪದ್ಮ ತಲೆಯೆತ್ತಲಿಲ್ಲ. ಈಗ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲವೆಂದು ಉಸಿರಿನಿಂದಲೇ ಗೊತ್ತಾಗುತ್ತದೆ. ನಾಳೆ ಹೊಂಬಾಳಮ್ಮನ ಮುಂದೆ ನಾನೇ ಬಾಯಿಬಿಟ್ಟು ನಿಜ ಹೇಳಬೇಕು.